ಸ್ಟೋರಿವೀವರ್: ಒಂದನೇ ಕ್ಲಾಸಿನ ಟೀಚರ್‌ಗಳು ನೋಡಲೇಬೇಕು

ಮಲ್ಪೆ ಕಡೆ ನಲಿ-ಕಲಿ (ಚಟುವಟಿಕೆಗಳ ಮೂಲಕ ಕಲಿಯುವ ಕೆಳ ತರಗತಿಗಳು) ಮಕ್ಕಳಿಗೆ ಕಲಿಸುವವಳು ನಾನು. ಮಕ್ಕಳು ಓದು ಕಲಿಯುವುದು ಹೇಗೆಂದು ಒಂದು ಕೋರ್ಸ್ ಮಾಡಿದ ಮೇಲೆ ಪುಸ್ತಕ ಆರಿಸುವ ದೃಷ್ಟಿಯೇ ಬದಲಾಯಿತು. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಕಥೆಗಳ ವೆಬ್‌ಸೈಟ್ ಈಗ ನನಗೆ ದಿನಾ ಬೇಕು. ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿವೆ, ಪೂರ್ತಿ ಉಚಿತ.

ನಮ್ಮಲ್ಲಿ ಮನೆಮಾತು ತುಳು ಇರುವ ಮಕ್ಕಳೇ ಜಾಸ್ತಿ. ಹಾಗಾಗಿ ಮೊದಲು ಚಿತ್ರ ತೋರಿಸಿ ತುಳುವಿನಲ್ಲೇ ಮಾತಾಡಿಸುತ್ತೇನೆ. ಆಮೇಲೆ ಸಾಲಿನ ಕೆಳಗೆ ಬೆರಳಿಟ್ಟು ಕನ್ನಡದಲ್ಲಿ ಓದುತ್ತೇನೆ. ಮೊನ್ನೆ ಒಬ್ಬಳು ಒತ್ತಕ್ಷರದ ಹತ್ತಿರ ತಡವರಿಸಿ ನಿಂತಳು. ನಾನು ಬಾಯಿ ಹಾಕದೆ ಕಾದೆ. ಬೆ... ಕ... ಎಂದು ಕೂಡಿಸಿ ಕೂಡಿಸಿ ‘ಬೆಕ್ಕು!’ ಎಂದು ಕೂಗಿದಳು. ಎಷ್ಟು ಖುಷಿ ಅಂತೀರಿ!

ಮೊದಲ ಹಂತದವು ಸಣ್ಣ ಸಾಲಿನ, ಸುಲಭ ಪದಗಳ ಕಥೆಗಳು. ಮೊಬೈಲಿನಲ್ಲಿ ತೋರಿಸುವುದಕ್ಕಿಂತ ಪ್ರಿಂಟ್ ತೆಗೆದು ಪಿನ್ ಹೊಡೆದು ಕೊಡಿ, ಮಕ್ಕಳು ಮನೆಗೂ ಒಯ್ಯುತ್ತಾರೆ.