ಏರ್ ರೈಫಲ್‌ಗೆ ಮಜಲ್ ಬ್ರೇಕ್ ಹಾಕಿಸುವ ಮುಂಚೆ ಇದನ್ನು ಓದಿ

ತುಮಕೂರಿನಲ್ಲಿ ಮಕ್ಕಳನ್ನು 10 ಮೀಟರ್ ಏರ್ ರೈಫಲ್ ಕಲಿಯಲು ಕಳಿಸುತ್ತಿರುವ ಅಪ್ಪ ಅಮ್ಮಂದಿರಿಗೆ ಈ ಮಾತು. ರೈಫಲ್ ತುದಿಗೆ ಮಜಲ್ ಬ್ರೇಕ್ (ಒದೆತ ತಗ್ಗಿಸಲು ಕೂಡಿಸುವ, ತೂತುಗಳಿರುವ ಕೊಳವೆ) ಹಾಕಿಸಿದರೆ ಸ್ಕೋರ್ ಏರುತ್ತದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ದುಡ್ಡು ಕೊಡಬೇಡಿ.

ನಮ್ಮ ಅಣ್ಣನ ಮಗಳದು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್, ಅಂದರೆ ಪಂದ್ಯಕ್ಕೆಂದೇ ಮಾಡಿದ್ದು. ಚೆನ್ನಾಗಿಯೇ ಇತ್ತು. ಬಿಡಿಭಾಗ ಮಾರುವ ಒಬ್ಬ ವ್ಯಾಪಾರಿ ಅಣ್ಣನಿಗೆ ಹೇಳಿದ್ದು ಇಷ್ಟು: "ಸಾರ್, ಇದು ಹಾಕಿದ್ರೆ ಜರ್ಕ್ ಇರಲ್ಲ. ಟೂರ್ನಮೆಂಟಲ್ಲೂ ನಡೆಯುತ್ತೆ." ಎರಡೂ ಸುಳ್ಳು.

ಮೊದಲು ಜರ್ಕ್ ವಿಷಯ. ಮದ್ದಿನ ರೈಫಲ್‌ನಲ್ಲಿ ಗುಂಡಿನ ಹಿಂದೆಯೇ ಬಿಸಿ ಗ್ಯಾಸ್ ರಭಸದಿಂದ ನುಗ್ಗುತ್ತದೆ. ಬ್ರೇಕ್‌ನ ತೂತುಗಳು ಆ ಗ್ಯಾಸನ್ನು ಪಕ್ಕಕ್ಕೆ, ಹಿಂದಕ್ಕೆ ತಿರುಗಿಸುತ್ತವೆ. ಅದರಿಂದ ಒದೆತ ಕಡಿಮೆ ಆಗುತ್ತದೆ. ಏರ್ ರೈಫಲ್‌ನಲ್ಲಿ ಒದೆಯುವುದಕ್ಕೆ ಏನಿದೆ? ಪೆಲೆಟ್ (ಸೀಸದ ಪುಟ್ಟ ಗುಂಡು) ತೂಕ ಅರ್ಧ ಗ್ರಾಂ ಆಸುಪಾಸು, ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು. ರೈಫಲ್ ತೂಕ ನಾಲ್ಕೂವರೆ ಕೆಜಿ. ಲೆಕ್ಕ ಹಾಕಿದರೆ ಪೆಲೆಟ್‌ನಿಂದ ರೈಫಲ್ ಹಿಂದೆ ಸರಿಯುವ ವೇಗ ಸೆಕೆಂಡಿಗೆ 2 ಸೆಂಟಿಮೀಟರ್ ಅಷ್ಟೇ. ಅದನ್ನೂ ತಡೆಯಲು ಎಷ್ಟೋ ಮ್ಯಾಚ್ ರೈಫಲ್‌ಗಳ ಒಳಗೇ ಒದೆತ ಹೀರಿಕೊಳ್ಳುವ ಅಬ್ಸಾರ್ಬರ್ ಇರುತ್ತದೆ.

ಇನ್ನು ನಿಯಮ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ರೈಫಲ್‌ಗೆ ಮಜಲ್ ಬ್ರೇಕ್, ಕಾಂಪೆನ್ಸೇಟರ್ (ತುದಿ ಮೇಲಕ್ಕೆ ಏಳದಂತೆ ತಡೆಯುವ ಸಾಧನ) ಎರಡಕ್ಕೂ ನಿಷೇಧ ಇದೆ. ಬ್ಯಾರಲ್‌ಗಾಗಲಿ, ಅದರ ಮುಂದೆ ಕೂಡಿಸುವ ಎಕ್ಸ್‌ಟೆನ್ಷನ್ ಟ್ಯೂಬ್‌ಗಾಗಲಿ ತೂತು ಇರುವಂತಿಲ್ಲ. ಆ ವ್ಯಾಪಾರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಅವನು ಮಾರುವುದೇ ಮ್ಯಾಚ್ ಸಾಮಾನು.

ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಬ್ರೇಕ್ ಕೂಡಿಸಲು ಅಂತ ತನ್ನ ಕಡೆಯ ಲೇತ್‌ನವನಿಂದ ಬ್ಯಾರಲ್ ತುದಿಗೆ ಥ್ರೆಡ್ ಹೊಡೆಸಿದ. ಆಮೇಲೆ ನೋಡಿ, ಒಂದೇ ಕಡೆ ಬೀಳುತ್ತಿದ್ದ ಪೆಲೆಟ್‌ಗಳು ಚೆದುರತೊಡಗಿದವು. ಹುಡುಗಿ ತನ್ನ ನಿಲುವೇ ಸರಿಯಿಲ್ಲ ಅಂದುಕೊಂಡು ಸುಮ್ನೆ ಕೊರಗಿದಳು. ನನಗೆ ಇವತ್ತಿಗೂ ಸಂಕಟ ಆಗುವುದು ಅದಕ್ಕೇ. ಕೊನೆಗೆ ಬ್ರೇಕ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಪೆಲೆಟ್ ಹಾಯುವ ನಡುವಿನ ತೂತಿನ ಒಂದೇ ಬದಿಗೆ ಸೀಸದ ಗೀರು. ಥ್ರೆಡ್ ಓರೆಯಾಗಿತ್ತು, ಪೆಲೆಟ್ ತಗುಲಿಕೊಂಡೇ ಹೋಗುತ್ತಿತ್ತು. ಈ ಆಟದಲ್ಲಿ ಗುರಿಹಲಗೆಯ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಪೆಲೆಟ್ ಕೂದಲೆಳೆಯಷ್ಟು ತಗುಲಿದರೂ ಗುರಿ ಹೋಯಿತು, ಅಲ್ವಾ? ಬ್ರೇಕ್ ಬಿಚ್ಚಿಟ್ಟರೂ ಪೆಲೆಟ್‌ಗಳು ಮೊದಲಿನಂತೆ ಒಂದೇ ಕಡೆ ಬೀಳಲಿಲ್ಲ, ಯಾಕೆಂದರೆ ಪೆಲೆಟ್ ಹೊರಬೀಳುವ ಅಂಚಿಗೇ ಲೇತ್‌ನಲ್ಲಿ ಪೆಟ್ಟಾಗಿತ್ತು. ಆ ಅಂಚನ್ನು ಕ್ರೌನ್ ಅಂತಾರೆ. ನಿಖರತೆ ಜಾಸ್ತಿ ನಿಂತಿರುವುದೇ ಅದರ ಮೇಲೆ. ಆ ಸಲದ ಪಂದ್ಯ ಅವಳ ಕೈತಪ್ಪಿತು. ವ್ಯಾಪಾರಿ ಈಗ ಫೋನ್ ಎತ್ತುವುದಿಲ್ಲ.

ಲೈಸೆನ್ಸ್ ಇರುವ ದೊಡ್ಡ ರೈಫಲ್‌ನವರಿಗೆ ಬ್ರೇಕ್ ಉಪಯೋಗಕ್ಕೆ ಬರಬಹುದು. ಆದರೆ ಪಕ್ಕದಲ್ಲಿ ನಿಂತವರ ಕಿವಿಗೆ ಸದ್ದು ಜೋರಾಗಿ ಬಡಿಯುತ್ತದೆ. ಕೆಳಮುಖದ ತೂತುಗಳಿದ್ದರೆ ಮಲಗಿ ಹೊಡೆಯುವಾಗ ನಮ್ಮ ಕೆಂಪು ಮಣ್ಣಿನ ಧೂಳೆಲ್ಲ ಮುಖಕ್ಕೇ. ಆ ಬಂದೂಕನ್ನು ಕಂಡಕಂಡ ಲೇತ್ ಅಂಗಡಿಗೆ ಒಯ್ಯಲೇಬೇಡಿ. 1959ರ ಆಯುಧ ಕಾಯ್ದೆ ಪ್ರಕಾರ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಸದ್ದು ಅಡಗಿಸುವ ಸಾಧನವನ್ನಂತೂ ಆ ಕಾಯ್ದೆ ಬಂದೂಕು ಅಂತಲೇ ಎಣಿಸುತ್ತದೆ. "ಇದು ಬ್ರೇಕೂ ಹೌದು, ಸೈಲೆನ್ಸರ್ರೂ ಹೌದು" ಅಂತ ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ.

ಮಗುವಿನ ರೈಫಲ್‌ಗೆ ಏನೇ ಕೊಳ್ಳುವುದಿದ್ದರೂ ಮೊದಲು ಕೋಚ್‌ಗೆ ತೋರಿಸಿ. ಐಎಸ್‌ಎಸ್‌ಎಫ್ ನಿಯಮಕ್ಕೆ ಒಪ್ಪುತ್ತದೆ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಎದ್ದು ಬನ್ನಿ.