ಎಂಟು ಮಕ್ಕಳ ಮನೆಪಾಠಕ್ಕೆ ತರಿಸಿದ ಕ್ಯಾಪಿಟಲ್ ಲೆಟರ್ ಪುಸ್ತಕ

ಶಿವಮೊಗ್ಗದಲ್ಲಿ ಸಂಜೆ ಹೊತ್ತು ಮನೆಪಾಠ ಮಾಡುತ್ತೇನೆ. ಎರಡನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗಿನ ಎಂಟು ಮಕ್ಕಳು ಬರುತ್ತಾರೆ. ಐವರು ಸರ್ಕಾರಿ ಕನ್ನಡ ಶಾಲೆಯವರು, ಮೂವರು ಇಂಗ್ಲಿಷ್ ಮೀಡಿಯಂನವರು. ದೊಡ್ಡ ಎಬಿಸಿಡಿ ಎಲ್ಲಿ, ಸಣ್ಣ ಎಬಿಸಿಡಿ ಎಲ್ಲಿ ಅನ್ನುವ ಗೊಂದಲ ಮಾತ್ರ ಎಲ್ಲರಿಗೂ ಒಂದೇ. ಅದಕ್ಕೆಂದೇ ಜೂನ್‌ನಲ್ಲಿ ಈ 64 ಪುಟದ ವರ್ಕ್‌ಬುಕ್ ತರಿಸಿದೆ. 140 ರೂಪಾಯಿ. ದೀಪಾವಳಿ ರಜೆಯ ಹೊತ್ತಿಗೆ ಪೂರ್ತಿ ಮುಗಿಸಿದೆವು.

ನಮ್ಮ ಮಕ್ಕಳಿಗೆ ಇದು ಕಷ್ಟವಾಗುವುದು ಸಹಜ. ಕನ್ನಡ ಅಕ್ಷರಕ್ಕೆ ದೊಡ್ಡದು, ಸಣ್ಣದು ಅಂತ ಎರಡು ರೂಪವೇ ಇಲ್ಲ. ತುಂಗಾ ಅಂತ ಬರೆದರೂ ಅದೇ ‘ತು’, ತುಪ್ಪ ಅಂತ ಬರೆದರೂ ಅದೇ ‘ತು’. ನಮ್ಮಪ್ಪ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸುತ್ತಿದ್ದರು. ಇಂಗ್ಲಿಷ್ ಮೊಳೆ ಇಡುವ ಪೆಟ್ಟಿಗೆಗೆ ಕೇಸು ಅನ್ನುತ್ತಿದ್ದರು. ಮೇಲೊಂದು ಕೇಸು, ಕೆಳಗೊಂದು ಕೇಸು. ಮೇಲಿನದರಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ. ಅಪ್ಪರ್ ಕೇಸ್, ಲೋಯರ್ ಕೇಸ್ ಅನ್ನುವ ಹೆಸರು ಬಂದದ್ದೇ ಹಾಗೆ. ಇದನ್ನು ಹೇಳಿದಾಗ ಮಕ್ಕಳು ಬಾಯಿಬಿಟ್ಟುಕೊಂಡು ಕೇಳಿದರು.

ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಬಿ ಮತ್ತು ಡಿ ಪುಟ. ಮೂರನೇ ಕ್ಲಾಸಿನ ಒಬ್ಬ ಹುಡುಗ ವಾಕ್ಯದ ನಡುವೆಯೂ ‘ಡಾಗ್’, ‘ಬ್ಯಾಗ್’ ಅನ್ನುವುದನ್ನು ದೊಡ್ಡಕ್ಷರದಲ್ಲೇ ಶುರು ಮಾಡುತ್ತಿದ್ದ. ‘ಕ್ಯಾಟ್’, ‘ರ‍್ಯಾಟ್’ ಮಾತ್ರ ಸರಿಯಾಗಿ ಸಣ್ಣದು. ಗಮನ ಕೊಡುತ್ತಿಲ್ಲ ಅಂತ ಎರಡು ವಾರ ಬೈದಿದ್ದೆ. ಈ ಪುಟ ಬಂದ ದಿನ ಪಕ್ಕದಲ್ಲಿ ಕೂರಿಸಿಕೊಂಡು ಯಾಕೋ ಅಂತ ಕೇಳಿದೆ. “ಮಿಸ್, ಸಣ್ಣದು ಬರೆದರೆ ಉಲ್ಟಾ ಆಗುತ್ತೆ. ದೊಡ್ಡದು ಆಗಲ್ಲ” ಅಂದ. ಸಣ್ಣ ಬಿ ಹೊಟ್ಟೆ ಬಲಕ್ಕೋ ಎಡಕ್ಕೋ ಅನ್ನುವ ಭಯಕ್ಕೆ ಅವನೇ ಕಂಡುಕೊಂಡ ದಾರಿ ಅದು! ಬೈದದ್ದಕ್ಕೆ ಬಹಳ ಬೇಜಾರಾಯಿತು. ಬಿಗೆ ಮೊದಲು ಕಂಬ, ಆಮೇಲೆ ಹೊಟ್ಟೆ. ಡಿಗೆ ಮೊದಲು ಸಿ, ಆಮೇಲೆ ಕಂಬ. ಪುಸ್ತಕ ಹೇಳಿಕೊಡುವುದು ಇಷ್ಟೇ. ದಿನಾ ಐದು ಸಾಲಿನಂತೆ ಮೂರು ವಾರ ಬರೆಸಿದೆ. ಈಗ ಅವನ ‘ಡಾಗ್’ ಸಣ್ಣ ಡಿಯಲ್ಲೇ ಶುರುವಾಗುತ್ತದೆ.

‘ಐ’ ಒಂಟಿಯಾಗಿ ಬಂದರೆ ಯಾವಾಗಲೂ ದೊಡ್ಡದು ಅನ್ನುವ ಪಾಠವೂ ಚೆನ್ನಾಗಿದೆ. “ನಾನು ದೊಡ್ಡದಾದರೆ ನೀನು ಯಾಕೆ ಸಣ್ಣದು ಮಿಸ್?” ಅಂತ ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ, ಅಲ್ವಾ? ಹಳೇ ಕೈಬರಹದಲ್ಲಿ ಒಂಟಿ ಸಣ್ಣ ಐ ಕಣ್ಣಿಗೇ ಬೀಳುತ್ತಿರಲಿಲ್ಲ, ಅದಕ್ಕೆ ಉದ್ದ ಮಾಡಿ ಬರೆಯತೊಡಗಿದರು ಅಂತ ವಿವರಿಸಿದೆ. ಪುಸ್ತಕದಲ್ಲೂ ಇಂಥ ಎರಡು ಸಾಲು ಇದ್ದಿದ್ದರೆ ಚೆನ್ನಾಗಿತ್ತು.

ಈಗ ತೊಂದರೆಗಳು. ಹೆಸರಿನ ಪಾಠದಲ್ಲಿ ಬರೀ ಥೇಮ್ಸ್, ಲಂಡನ್, ಆಲಿಸ್. ಒಂದು ಪದ ಹೆಸರು ಅಂತ ಗೊತ್ತಿದ್ದರೆ ತಾನೇ ದೊಡ್ಡಕ್ಷರ ಹಾಕುವುದು? ಥೇಮ್ಸ್ ಅಂದರೆ ತಿಂಡಿಯಾ ಅಂತ ಕೇಳುವ ಮಗು ಅದನ್ನು ಹೇಗೆ ತಿದ್ದೀತು! ಆ ನಾಲ್ಕು ಪುಟ ಬಿಟ್ಟು ನಾನೇ ಬರೆದುಕೊಟ್ಟೆ. ತುಂಗಾ, ಭದ್ರಾ, ಕೂಡಲಿ, ಸಕ್ರೆಬೈಲು. ‘ರಿವರ್’ ಅಂತ ಸುಮ್ನೆ ಬಂದರೆ ಸಣ್ಣ ಆರ್, ‘ತುಂಗಾ ರಿವರ್’ ಆದರೆ ದೊಡ್ಡ ಆರ್. ಇಷ್ಟು ಮಾಡಿದ ಮೇಲೆ ಅರ್ಧ ಗಂಟೆಯಲ್ಲಿ ಎಂಟೂ ಮಕ್ಕಳಿಗೆ ಹಿಡಿಸಿತು.

ಇನ್ನೊಂದು, ಅರ್ಧ ಪುಸ್ತಕ ಆದಮೇಲೆ ನಾಲ್ಕು ಗೆರೆ ಬಿಟ್ಟು ಒಂದೇ ಗೆರೆಗೆ ಹೋಗುತ್ತಾರೆ. ಸಿ, ಒ, ಎಸ್, ವಿ, ಡಬ್ಲ್ಯೂ, ಎಕ್ಸ್, ಝಡ್ ಇವುಗಳ ದೊಡ್ಡದು ಸಣ್ಣದರ ಆಕಾರ ಒಂದೇ, ಎತ್ತರ ಮಾತ್ರ ಬೇರೆ. ನಾಲ್ಕು ಗೆರೆಯಲ್ಲಿ ದೊಡ್ಡದು ಮೇಲಿನ ಎರಡು ಮನೆ ತುಂಬುತ್ತದೆ, ಸಣ್ಣದು ನಡುವಿನ ಮನೆಯಲ್ಲೇ ಇರುತ್ತದೆ. ಒಂದೇ ಗೆರೆಯಲ್ಲಿ ಮಗು ಬರೆದದ್ದು ಯಾವುದು ಅಂತ ನನಗೂ ಗೊತ್ತಾಗುವುದಿಲ್ಲ. ಪೆನ್ಸಿಲಿನಲ್ಲಿ ಚುಕ್ಕೆ ಗೆರೆ ಎಳೆದುಕೊಟ್ಟೆ.

ಕೊನೆಯ ಭಾಗದಲ್ಲಿ ಒಂದೂ ದೊಡ್ಡಕ್ಷರ ಇಲ್ಲದ ಪತ್ರಗಳಿವೆ, ಮಕ್ಕಳು ತಿದ್ದಬೇಕು. ಕೆಂಪು ಪೆನ್ಸಿಲ್ ಕೈಗೆ ಸಿಕ್ಕಿದ್ದೇ ತಡ, ಮನೆಗೆ ಹೋಗುವ ಹೊತ್ತಾದರೂ ಏಳಲಿಲ್ಲ. ಆದರೆ ಉತ್ತರದ ಪುಟದಲ್ಲೇ ತಪ್ಪಿದೆ. ವಾರದ, ತಿಂಗಳಿನ ಹೆಸರಿಗೆ ದೊಡ್ಡಕ್ಷರ, ಸರಿ. ಸಮ್ಮರ್, ವಿಂಟರ್ ಅನ್ನುವ ಕಾಲಗಳಿಗೆ ಬೇಡ. ಇವರು ವಾಕ್ಯದ ನಡುವಿನ ಸಮ್ಮರ್‌ಗೂ ದೊಡ್ಡ ಎಸ್ ಹಾಕಿದ್ದಾರೆ. ಇದನ್ನೇ ಕಲಿಸುವ ಪುಸ್ತಕದಲ್ಲಿ ಹೀಗಾಗಬಾರದು. ಪ್ರಕಾಶಕರಿಗೆ ಬರೆದೆ, ಉತ್ತರ ಬಂದಿಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಬಿ-ಡಿ ಪುಟಕ್ಕೂ ತಿದ್ದುವ ಪತ್ರಗಳಿಗೂ ಕೊಟ್ಟ ದುಡ್ಡು ಬಂತು. ಮುಂದಿನ ವರ್ಷಕ್ಕೆ ಇನ್ನೆರಡು ಪ್ರತಿ ತರಿಸಿದ್ದೇನೆ. ಉತ್ತರದ ಪುಟದ ಆ ಎಸ್ ಅನ್ನು ಪೆನ್ನಿನಿಂದ ತಿದ್ದಿಟ್ಟಿದ್ದೇನೆ.