ಮರದ ತುಂಡುಗಳ ಒತ್ತಡ ಪರೀಕ್ಷೆ: ಮೈಸೂರಿನ ಒಂದು ಪ್ರಯೋಗಾಲಯದ ಅನುಭವ

ಪಾಂಡವಪುರದ ಕಡೆಯ ನಮ್ಮ ತೊಟ್ಟಿಮನೆಯ ಒಂದು ಮೂಲೆಯಲ್ಲಿ ಚಾವಣಿ ತಗ್ಗಿತ್ತು. ಕಂಬವೇ ಸೋತಿದೆಯೆಂದು ಮನೆಯವರೆಲ್ಲ ಭಾವಿಸಿದ್ದೆವು. ದುರಸ್ತಿಗಾಗಿ ಕಳಚಿದಾಗ ನೋಡಿದರೆ ಕಂಬಕ್ಕೆ ಏನೂ ಆಗಿರಲಿಲ್ಲ. ಅದರ ನೆತ್ತಿಯ ಮೇಲೆ ಅಡ್ಡಲಾಗಿ ಕೂರಿಸಿದ್ದ ಬೋದಿಗೆಯ ಅಡಿಯಲ್ಲಿ, ಕಂಬದ ತಲೆಯಷ್ಟೇ ಅಗಲಕ್ಕೆ, ಬೆರಳಿನ ಉಗುರು ಮುಳುಗುವಷ್ಟು ಕುಳಿ ಬಿದ್ದಿತ್ತು. ಹೆಂಚು ಒಡೆದು ಹಲವು ಮಳೆಗಾಲ ನೀರು ಇಳಿದಿದ್ದ ಮೂಲೆ ಅದು. “ಕಂಬ ನಿಂತಿರೋ ಮರ ಸ್ವಾಮಿ, ಬೋದಿಗೆ ಮಲಗಿರೋ ಮರ” ಎಂದರು ನಮ್ಮ ಆಚಾರ್ರು. ಹೊಸದಾಗಿ ತಂದ ಮತ್ತಿಮರ ಎರಡೂ ಕೆಲಸಕ್ಕೆ ಆದೀತೇ ಎಂದು ತಿಳಿಯಲು ನಾನು ಮೈಸೂರಿನ ಒಂದು ಖಾಸಗಿ ಪ್ರಯೋಗಾಲಯಕ್ಕೆ ಹೋದೆ. ಮುಂದೆ ದೂರುಗಳೂ ಇರುವುದರಿಂದ ಅದರ ಹೆಸರನ್ನು ಹೇಳುವುದಿಲ್ಲ.

ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಾಂಕ್ರೀಟ್ ಕ್ಯೂಬ್ ಮತ್ತು ಕಂಬಿ ತರುವ ಗುತ್ತಿಗೆದಾರರು. ಮರ ತಂದವನನ್ನು ಸ್ವಲ್ಪ ವಿಚಿತ್ರವಾಗಿ ನೋಡಿದರೂ ಕೆಲಸ ಒಪ್ಪಿಕೊಂಡರು. ಮರದ ಪರೀಕ್ಷೆಗೆ ನಮ್ಮಲ್ಲಿ ಐ.ಎಸ್. 1708 ಎಂಬ ಭಾರತೀಯ ಮಾನಕವಿದೆ. ಅದರಂತೆ ನಾರಿನ ಉದ್ದಕ್ಕೆ ಒತ್ತುವ ತುಂಡು 50×50×200 ಮಿಲಿಮೀಟರ್, ನಾರಿಗೆ ಅಡ್ಡಲಾಗಿ ಒತ್ತುವ ತುಂಡು 50×50×150 ಮಿಲಿಮೀಟರ್ ಇರಬೇಕು. ಗಂಟು, ಬಿರುಕು ಇರಕೂಡದು. ಪರೀಕ್ಷೆಯ ಶುಲ್ಕಕ್ಕಿಂತ ಸಾಮಿಲ್ಲಿನಲ್ಲಿ ಇಂತಹ ತುಂಡುಗಳನ್ನು ಕೊಯ್ಯಿಸಿ ಹತ್ತರಿ ಹೊಡೆಸಿದ ಕೂಲಿಯೇ ನನಗೆ ಹೆಚ್ಚಾಯಿತು.

ಮೊದಲ ವರದಿ ಕೈಗೆ ಬಂದಾಗ ಬೇಸರವಾಯಿತು. ತುಂಡಿಗೊಂದರಂತೆ ಅಂಕಿಗಳಿದ್ದವು, ಅಷ್ಟೆ. ಯಾವುದನ್ನು ನಾರಿನ ಉದ್ದಕ್ಕೆ ಒತ್ತಿದರು, ಯಾವುದನ್ನು ಅಡ್ಡಕ್ಕೆ, ಒತ್ತುವ ದಿನ ತೇವ ಎಷ್ಟಿತ್ತು ಎಂಬ ಮಾತೇ ಇರಲಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ನನ್ನ ತುಂಡುಗಳನ್ನು ತೆರೆದ ಕಿಟಕಿಯ ಕಟ್ಟೆಯ ಮೇಲೆ ಎಂಟು ದಿನ ಇಟ್ಟಿದ್ದರು. ನಾನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದ ಒಣ ತುಂಡುಗಳೂ ಬಿಚ್ಚಿದ ಸ್ಥಿತಿಯಲ್ಲಿ ಅಲ್ಲೇ ಇದ್ದವು. ಕಾಂಕ್ರೀಟಿನ ಅಭ್ಯಾಸದವರಿಗೆ ಇದು ಸಣ್ಣ ಸಂಗತಿ ಎನಿಸಬಹುದು, ಮರದ ಮಟ್ಟಿಗೆ ಹಾಗಲ್ಲ. ತೇವ ಸುಮಾರು ಶೇ. 25ರಿಂದ 30ಕ್ಕಿಂತ ಹೆಚ್ಚಿದ್ದಾಗ ನೀರು ನಾರಿನ ಟೊಳ್ಳಿನಲ್ಲಿ ನಿಂತಿರುತ್ತದೆ, ತಾಳಿಕೆ ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕಿಂತ ಕೆಳಗಿಳಿದರೆ ನಾರಿನ ಗೋಡೆಯೇ ಒಣಗಿ ಬಿಗಿಯಾಗುತ್ತಾ ಹೋಗಿ, ತೇವ ಶೇ. 1ರಷ್ಟು ಇಳಿದಾಗಲೆಲ್ಲ ಉದ್ದಕ್ಕೆ ಒತ್ತುವ ತಾಳಿಕೆ ಶೇ. 5ರ ಆಸುಪಾಸು ಏರುತ್ತದೆ. ಆದ್ದರಿಂದಲೇ ಫಲಿತಾಂಶಗಳನ್ನು ಶೇ. 12ರ ತೇವಕ್ಕೆ ಹೊಂದಿಸಿ ಹೋಲಿಸುವ ರೂಢಿಯಿದೆ.

ವರದಿಯನ್ನು ಹಿಂದಿರುಗಿಸಿ ತಕರಾರು ಹೇಳಿದಾಗ, ಅವರ ಹೆಚ್ಚುಗಾರಿಕೆಯೆಂದರೆ, ವಾದಕ್ಕೆ ನಿಲ್ಲಲಿಲ್ಲ. ಹೊಸ ತುಂಡುಗಳನ್ನು ಹೆಚ್ಚಿನ ಹಣವಿಲ್ಲದೆ, ನನ್ನೆದುರೇ ಪರೀಕ್ಷಿಸಿದರು. ಒತ್ತಿದ ಕೂಡಲೇ ತುಂಡಿನಿಂದ ಚೂರು ತೆಗೆದು ತೂಗಿ, 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿದರು. ಇಲ್ಲೊಂದು ಎಚ್ಚರಿಕೆ: ಹಸಿಯಾಗಿ 45 ಗ್ರಾಂ ಇದ್ದದ್ದು ಒಣಗಿ 37.5 ಗ್ರಾಂ ಆದರೆ, ಇಳಿದ ತೂಕವನ್ನು ಒಣ ತೂಕದಿಂದ ಭಾಗಿಸಬೇಕು, ಆಗ ತೇವ ಶೇ. 20. ತಪ್ಪಿ ಹಸಿ ತೂಕದಿಂದ ಭಾಗಿಸಿದರೆ ಶೇ. 16.7 ಬರುತ್ತದೆ, ಮರವು ಇರುವುದಕ್ಕಿಂತ ಒಣಗಿದಂತೆ ತೋರುತ್ತದೆ.

ಯಂತ್ರದ ಮುಂದೆ ನಿಂತು ನೋಡಿದ್ದು ಮಾತ್ರ ಕೊಟ್ಟ ಹಣಕ್ಕೆ ಮೋಸವಿಲ್ಲ. ಮಿನಿಟಿಗೆ 0.6 ಮಿಲಿಮೀಟರಿನಷ್ಟು ನಿಧಾನವಾಗಿ ಒತ್ತುತ್ತಾರೆ. ನೆಟ್ಟಗೆ ನಿಲ್ಲಿಸಿದ ಒಣ ತುಂಡು ಬಹಳ ಹೊತ್ತು ಏನೂ ಆಗದಂತಿದ್ದು, ಆಮೇಲೆ ಚಿಟಿಲ್ ಎಂದಿತು. ಮೈಮೇಲೆ ಓರೆಯಾಗಿ ಒಂದು ಸುಕ್ಕಿನ ಗೆರೆ ಮೂಡಿ, ಮುಳ್ಳು ಹಿಂದಕ್ಕೆ ಬಿತ್ತು. ಹಸಿ ತುಂಡು ಸದ್ದೇ ಇಲ್ಲದೆ, ಒಣ ತುಂಡು ಹೊತ್ತ ಭಾರದ ಅರ್ಧಕ್ಕಿಂತ ತುಸು ಮೇಲೆ ಸೋತಿತು. ಮಲಗಿಸಿದ ತುಂಡು ಮುರಿಯಲೇ ಇಲ್ಲ, ತಟ್ಟೆಯ ಅಡಿಯಲ್ಲಿ ಅಪ್ಪಚ್ಚಿಯಾಗುತ್ತಾ ಹೋಯಿತು. ನಮ್ಮ ಬೋದಿಗೆಯ ಕುಳಿ ಅದೇ. ಆಲೆಮನೆ ನೋಡಿದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಬ್ಬಿನ ಕಟ್ಟನ್ನು ನೆಟ್ಟಗೆ ನಿಲ್ಲಿಸಿದರೆ ಭಾರ ಹೊರುತ್ತದೆ, ಗಾಣ ಜಲ್ಲೆಯನ್ನು ಅಡ್ಡಕ್ಕೆ ಹಿಡಿದೇ ಚಪ್ಪಟೆ ಮಾಡುತ್ತದೆ.

ಸಾಮಿಲ್ಲಿನವರು ಓರೆಯಾಗಿ ಕೊಯ್ದ ತುಂಡುಗಳ ಬಗ್ಗೆಯೂ ಅಲ್ಲಿನ ಎಂಜಿನಿಯರರು, ನಾರಿಗೆ ಓರೆಯಾಗಿ ಒತ್ತಿದಾಗಿನ ತಾಳಿಕೆಯನ್ನು ಲೆಕ್ಕ ಹಾಕುವ ಹ್ಯಾಂಕಿನ್ಸನ್ ಸೂತ್ರ ಹಿಡಿದು ತಾಳ್ಮೆಯಿಂದ ವಿವರಿಸಿದರು. ನಾರಿನ ಉದ್ದಕ್ಕೆ ತಾಳಿಕೆ 50, ಅಡ್ಡಕ್ಕೆ 10 ಎಂದಿಟ್ಟುಕೊಂಡರೆ, ನಾರು 15 ಡಿಗ್ರಿ ವಾಲಿದಾಗಲೇ ಅದು 39ರ ಆಸುಪಾಸಿಗೆ, 45 ಡಿಗ್ರಿಯಲ್ಲಿ 17ಕ್ಕೆ ಇಳಿಯುತ್ತದೆ. ಈ ವಿವರಣೆ ಎರಡನೆಯ ವರದಿಯಲ್ಲೂ ಬರಹಕ್ಕೆ ಇಳಿಯಲಿಲ್ಲ ಎಂಬುದು ನನ್ನ ಉಳಿದ ದೂರು.

ಹೋಗುವವರು ಪ್ರತಿ ತುಂಡಿನ ಮೇಲೂ ನಾರಿನ ದಿಕ್ಕಿಗೆ ಪೆನ್ಸಿಲ್ಲಿನಲ್ಲಿ ಬಾಣ ಹಾಕಿ, ಅರ್ಜಿಯಲ್ಲಿ ತೇವದ ಕಲಮನ್ನು ಕೈಯಾರೆ ಬರೆದು, ಸಾಧ್ಯವಾದರೆ ಬೇಸಿಗೆಯಲ್ಲೇ ಹೋಗಲಿ. ನಾವು ಮತ್ತಿಮರವನ್ನೇ ಉಳಿಸಿಕೊಂಡೆವು, ಒಣಗಲು ನಾಲ್ಕು ತಿಂಗಳು ನೆರಳಿನಲ್ಲಿಟ್ಟೆವು. ಭಾರ ಹೆಚ್ಚು ಜಾಗಕ್ಕೆ ಹರಡಲೆಂದು ಆಚಾರ್ರು ಕಂಬದ ತಲೆಯನ್ನು ಮೊದಲಿಗಿಂತ ಎರಡು ಇಂಚು ಅಗಲ ಮಾಡಿ ಬೋದಿಗೆ ಕೂರಿಸಿದರು.